ಉಪದೇಶ ಬೇಡ: ಏನು ಕೆಟ್ಟಿತು, ಆಮೇಲೆ ಯಾವುದನ್ನು ಬೇರೆ ಥರ ಮಾಡಿದಿರಿ? (ದಾವಣಗೆರೆ, ಚಿತ್ರದುರ್ಗ ಕಡೆಯವರಿಗೆ)

ಪಿ.ಬಿ. ರೋಡ್ ಮೇಷ್ಟ್ರು

ನಾನು ದಾವಣಗೆರೆಯಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಪಾಠ ಹೇಳುವವನು. ರಿಸಲ್ಟ್ ಬಂದ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಒಂದಷ್ಟು ಹುಡುಗರು ತಲೆ ತಗ್ಗಿಸಿ ನಿಂತಿರುತ್ತಾರೆ. ಈಚೆಗೆ ಹಳೇ ವಿದ್ಯಾರ್ಥಿಯೊಬ್ಬ ಬಂದಿದ್ದ. ಮಂಡಿಪೇಟೆ ಕಡೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ, ಮುಚ್ಚಿಬಿಟ್ಟಿದ್ದಾನೆ. "ಸರ್, ಎಲ್ಲರೂ ಸೋಲಿನಿಂದ ಕಲಿ ಅಂತಾರೆ. ಏನು ಕಲೀಬೇಕು ಅಂತ ಮಾತ್ರ ಯಾರೂ ಹೇಳಲ್ಲ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. 'ಸೋಲೇ ಗೆಲುವಿನ ಸೋಪಾನ' ಅಂತ ನಮ್ಮ ಗೋಡೆ ಮೇಲೆ ಬರೆಸಿದ್ದೇವೆ. ಅದರ ಕೆಳಗೇ ಫೇಲಾದವರ ಪಟ್ಟಿ ಅಂಟಿಸುತ್ತೇವೆ.

ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ವ್ಯಾಪಾರ, ಬೇಸಾಯ, ಪರೀಕ್ಷೆ, ನೌಕರಿ, ಮನೆ, ಯಾವುದಾದರೂ ಸರಿ. ಏನು ಕೆಟ್ಟಿತು, ಮುಂದಿನ ಸಲ ಯಾವುದನ್ನು ಬೇರೆ ಥರ ಮಾಡಿದಿರಿ, ಅಷ್ಟು ಹೇಳಿ. ಗುಡ್ ಮಾರ್ನಿಂಗ್ ಫೋಟೋ ಬೇಡ. ಯಾರ ಹೆಸರನ್ನೂ ಬರೆಯಬೇಡಿ.

ಶುಭೋದಯ ದಾವಣಗೆರೆ

ಬಿದ್ದವನು ಸೋತವನಲ್ಲ, ಏಳದೇ ಇದ್ದವನು ಸೋತವನು 🙏🌹

ಪಿ.ಬಿ. ರೋಡ್ ಮೇಷ್ಟ್ರು

ಅಣ್ಣಾ, ಇದನ್ನೇ ಬೇಡ ಅಂದಿದ್ದು.

ಹಿರಿಯೂರು ದಾಳಿಂಬೆ

ಮೇಷ್ಟ್ರೇ, ನನ್ನದು ದಾಳಿಂಬೆ ಕಥೆ. ಸ್ವಲ್ಪ ಉದ್ದ ಇದೆ, ಬೇಜಾರಾದರೆ ಮುಂದಕ್ಕೆ ಹೋಗಿ.

2022ರ ಸೆಪ್ಟೆಂಬರಿನಲ್ಲಿ ನಮ್ಮ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಂ. 1933ರಲ್ಲಿ ತುಂಬಿದ ಮೇಲೆ ಮತ್ತೆ ಪೂರ್ತಿ ತುಂಬಿದ್ದು ಆಗಲೇ. ಜನ ಟ್ರ್ಯಾಕ್ಟರ್ ಮಾಡಿಕೊಂಡು ನೋಡೋಕೆ ಬಂದರು, ಪೂಜೆ ಮಾಡಿದರು, ರೀಲ್ಸ್ ಮಾಡಿದರು. ನಾನೂ ಹೋಗಿದ್ದೆ. ಅದೇ ಮಳೆ ನಮ್ಮ ತೋಟ ತೆಗೆಯಿತು.

ಕಾಯಿ ಆಗ ನಿಂಬೆಹಣ್ಣಿನ ಗಾತ್ರ ಇತ್ತು. ಮೊದಲು ಎಲೆ ಮೇಲೆ ಸಣ್ಣ ಚುಕ್ಕಿ, ಆಮೇಲೆ ಕಾಯಿ ಮೇಲೆ ಕಪ್ಪು ಕಲೆ, ಕಲೆ ಇದ್ದ ಕಡೆ ಬಿರುಕು. ದುಂಡಾಣು ಅಂಗಮಾರಿ ರೋಗ. ದಾಳಿಂಬೆ ಹಾಕಿದವರಿಗೆ ಈ ಹೆಸರು ಕೇಳಿದರೆ ಸಾಕು. ಸಾಲ ಮಾಡಿ ಔಷಧಿ ಹೊಡೆದೆವು. ಮಳೆ ಬಂದು ತೊಳೆದುಕೊಂಡು ಹೋಗುತ್ತಿತ್ತು, ಮತ್ತೆ ಹೊಡೆಯುತ್ತಿದ್ದೆವು.

ಮಳೆಯನ್ನು ಬೈದೆ, ಔಷಧಿ ಅಂಗಡಿಯವನನ್ನು ಬೈದೆ. ಕೊನೆಗೆ ಎಲೆ, ಕಾಯಿ ಕಿತ್ತುಕೊಂಡು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಯಾವುದೋ ಹೊಸ ಔಷಧಿ ಬರೆದುಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಬರೀ ಪ್ರಶ್ನೆ ಕೇಳಿದರು. ಗಿಡ ಎಲ್ಲಿಂದ ತಂದಿರಿ? ಸವರುವ ಕತ್ತರಿ ಯಾರದ್ದು? ಉದುರಿದ ಕಾಯಿ ಏನು ಮಾಡುತ್ತೀರಿ? ಯಾವ ತಿಂಗಳಲ್ಲಿ ಹೂವು ಬರಿಸಿದಿರಿ?

ಉತ್ತರ ಹೇಳುತ್ತಾ ಹೇಳುತ್ತಾ ನನಗೇ ತಿಳಿಯಿತು. ಗೂಟಿ ಗಿಡ (ಹಳೇ ಗಿಡದ ಕೊಂಬೆಗೇ ಬೇರು ಬರಿಸಿ ತೆಗೆದದ್ದು) ಕಡಿಮೆ ರೇಟಿಗೆ ಸಿಕ್ಕಿತು ಅಂತ ನೆಂಟರ ತೋಟದಿಂದ ತಂದಿದ್ದು. ಆ ತೋಟದಲ್ಲಿ ಆಗಲೇ ರೋಗ ಇತ್ತು. ಸವರುವ ತಂಡ ಅವೇ ಕತ್ತರಿ ಹಿಡಿದು ಒಂದು ತೋಟದಿಂದ ಇನ್ನೊಂದಕ್ಕೆ ಬರುತ್ತೆ. ಉದುರಿದ್ದನ್ನು ಬದುವಿಗೆ ಎಸೆದಿದ್ದೆವು. ಆಫ್ ಸೀಸನ್ ರೇಟಿನ ಆಸೆಗೆ ಮಳೆಗಾಲದಲ್ಲಿ ಗಿಡದ ಮೇಲೆ ಕಾಯಿ ಇರುವ ಹಾಗೆ ಬಹಾರ್ ಮಾಡಿದ್ದೆವು (ಬೇಕಾದ ಕಾಲಕ್ಕೆ ಹೂವು ಬರಿಸೋದು). ಮಳೆ ಒಂದು ನನ್ನ ಕೈಯಲ್ಲಿ ಇರಲಿಲ್ಲ. ಮಿಕ್ಕಿದ್ದೆಲ್ಲ ಇತ್ತು.

ಈಗ ಅಂಗಾಂಶ ಕೃಷಿಯ (ಲ್ಯಾಬಿನಲ್ಲಿ ಬೆಳೆಸಿದ) ಗಿಡ ಹಾಕಿದ್ದೇವೆ, ಅದೂ ಮೊದಲಿದ್ದ ಜಾಗದ ಅರ್ಧಕ್ಕೆ ಮಾತ್ರ. ಉಳಿದ ಅರ್ಧದಲ್ಲಿ ಶೇಂಗಾ, ತೊಗರಿ. ಕತ್ತರಿ ನಮ್ಮದೇ. ಒಂದು ಗಿಡ ಸವರಿದ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ನೀರಿಗೆ ಅದ್ದಿಯೇ ಇನ್ನೊಂದು ಗಿಡ ಮುಟ್ಟಬೇಕು. ಮೊದಲು ಆಳುಗಳು ನಕ್ಕರು, "ಇದೇನು ಆಪರೇಷನ್ ಥಿಯೇಟರಾ ಗೌಡ್ರೇ" ಅಂತ. ರೋಗ ಬಂದ ಕಡ್ಡಿ, ಕಾಯಿ ಆರಿಸಿ ಸುಡುತ್ತೇವೆ. ಹಸ್ತ ಬಹಾರ್‌ಗೆ ಬದಲಾಯಿಸಿದ್ದೇವೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೂವು, ಬೇಸಿಗೆ ಹೊತ್ತಿಗೆ ಕೊಯ್ಲು. ರೋಗ ಪೂರ್ತಿ ಹೋಯಿತಾ ಅಂದರೆ ಇಲ್ಲ. ಅಲ್ಲಲ್ಲಿ ಕಾಣುತ್ತೆ. ಆದರೆ ತೋಟ ಉಳಿದಿದೆ, ಸಾಲದ ಕಂತು ತಪ್ಪಿಲ್ಲ.

ಪಿ.ಬಿ. ರೋಡ್ ಮೇಷ್ಟ್ರು

ಇದು ಬೇಕಾಗಿತ್ತು ನೋಡಿ ನನಗೆ. ಆ ಪ್ರಶ್ನೆಗಳನ್ನು ನಮ್ಮ ಹುಡುಗನಿಗೂ ಕೇಳಬಹುದು. ಬಿಡಿಭಾಗ ಎಲ್ಲಿಂದ ತಂದೆ, ಉದ್ರಿ ಯಾರಿಗೆ ಕೊಟ್ಟೆ, ಯಾವ ತಿಂಗಳಲ್ಲಿ ಅಂಗಡಿ ತೆಗೆದೆ.

ಚಳ್ಳಕೆರೆ ಶೇಂಗಾ

ದಾಳಿಂಬೆ ಅಣ್ಣ ಹೇಳಿದ್ದನ್ನೇ ನಮ್ಮ ಊರ ಪಕ್ಕದಲ್ಲಿ ದೊಡ್ಡದಾಗಿ ಮಾಡಿದ್ದಾರೆ. ಚಂದ್ರಯಾನ-2ರ ಲ್ಯಾಂಡರ್‌ಗಾಗಿ ಇಸ್ರೋದವರು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲೆ ಇರುವಂಥ ಗುಂಡಿಗಳನ್ನು ತೋಡಿ ಸೆನ್ಸರ್ ಪರೀಕ್ಷೆ ಮಾಡಿದ್ದರು. ಅಷ್ಟು ಮಾಡಿದರೂ 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಲ್ಯಾಂಡರ್ ಇಳಿಯುವಾಗ ಸಂಪರ್ಕ ತಪ್ಪಿತು. ನಮ್ಮೂರಲ್ಲಿ ಅವತ್ತು ಸಾವಿನ ಮನೆ ಥರ ಆಗಿತ್ತು.

ನನಗೆ ಇಷ್ಟ ಆಗಿದ್ದು ಆಮೇಲೆ ನಡೆದಿದ್ದು. 2023ರಲ್ಲಿ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಎಲ್ಲರ ಮುಂದೆ ಬಿಡಿಸಿ ಹೇಳಿದರು. ಐದು ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ನೂಕಿದವು, ಅದರಿಂದ ತಪ್ಪುಗಳು ಸೇರಿಕೊಳ್ಳುತ್ತಾ ಹೋದವು. ಲ್ಯಾಂಡರ್ ಜೋರಾಗಿ ತಿರುಗಿ ಸರಿಮಾಡಿಕೊಳ್ಳಬೇಕಿತ್ತು, ಆದರೆ ಅದು ಅಷ್ಟು ಬೇಗ ತಿರುಗದ ಹಾಗೆ ಮಿತಿ ಹಾಕಿಟ್ಟಿದ್ದರು. ಇಳಿಯೋಕೆ ಇಟ್ಟ ಜಾಗ ಬೇರೆ ಸಣ್ಣದು, 500 ಮೀಟರ್ ಉದ್ದ, 500 ಮೀಟರ್ ಅಗಲ. ಯಾರೋ ಒಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲಿಲ್ಲ.

ಚಂದ್ರಯಾನ-3ಕ್ಕೆ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲ ಮಾಡಿದರು. ಕಾಲು ಗಟ್ಟಿ ಮಾಡಿದರು. ಇಂಧನ ಜಾಸ್ತಿ ತುಂಬಿದರು. ನಡುವಿನ ಐದನೇ ಎಂಜಿನ್ ತೆಗೆದರು. ವೇಗ ಅಳೆಯೋಕೆ ಲೇಸರ್ ಉಪಕರಣ ಸೇರಿಸಿದರು. ಎಲ್ಲಾ ಸರಿಯಾಗಿ ನಡೆಯುತ್ತೆ ಅಂತ ಲೆಕ್ಕ ಹಾಕುವ ಬದಲು ಏನೇನು ಕೈ ಕೊಡಬಹುದು ಅಂತ ಲೆಕ್ಕ ಹಾಕಿ ಕಟ್ಟಿದ್ದೇವೆ ಅಂತ ಹೇಳಿದರು. 2023ರ ಆಗಸ್ಟ್ 23ರಂದು ಇಳಿಯಿತು.

ಇನ್ನೊಂದು ವಿಷಯ ಜನ ಮರೆಯುತ್ತಾರೆ. 2019ರಲ್ಲಿ ಹೋದ ಆರ್ಬಿಟರ್ ಕೆಟ್ಟಿರಲಿಲ್ಲ, ಚಂದ್ರನನ್ನು ಸುತ್ತುತ್ತಲೇ ಇತ್ತು. ಚಂದ್ರಯಾನ-3ಕ್ಕೆ ಹೊಸ ಆರ್ಬಿಟರ್ ಕಳಿಸಲಿಲ್ಲ. ಹಳೆಯದು ತೆಗೆದ ಫೋಟೋ ನೋಡಿಯೇ ಇಳಿಯುವ ಜಾಗ ಆರಿಸಿದರು. ನಾವು ಒಂದು ಅಂಗಡಿ ಮುಳುಗಿದರೆ ಎಲ್ಲಾ ಮುಳುಗಿತು ಅಂತ ಕೂರುತ್ತೇವೆ. ಗಿರಾಕಿ ಪರಿಚಯ, ಕೈಯಲ್ಲಿರುವ ಕಸಬು, ಅವು ಹೋಗಿರಲ್ಲ ಅಲ್ವಾ?

ಮಿಲ್ ಗೇಟ್

ಓದೋಕೆ ಚೆನ್ನಾಗಿದೆ. ಆದರೆ ನನಗೆ ಸೋಲಿನಿಂದ ಕಲಿ ಅನ್ನುವ ಈ ಮಾತೇ ಒಪ್ಪಿಗೆ ಆಗಲ್ಲ.

ನಮ್ಮಪ್ಪ ದಾವಣಗೆರೆ ಕಾಟನ್ ಮಿಲ್ ಒಂದರಲ್ಲಿ ಸ್ಪಿನ್ನಿಂಗ್‌ನಲ್ಲಿದ್ದರು. ಆಗ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಸೈರನ್ ಕೂಗಿದರೆ ಊರಿನ ಗಡಿಯಾರ ತಿರುಗುತ್ತಿತ್ತು. ಒಂದೊಂದೇ ಮಿಲ್ ನಿಂತವು. ಅಪ್ಪ ಒಂದು ದಿನ ರಜೆ ಹಾಕಿದವರಲ್ಲ, ಕೆಲಸ ಕದ್ದವರಲ್ಲ. ಅವರು ಯಾವ ಪಾಠ ಕಲಿಯಬೇಕಿತ್ತು? ಕೆಲಸ ಹೋದ ಮೇಲೆ ಮನೆಗೆ ಬಂದವರೆಲ್ಲ "ನೀನು ಮೊದಲೇ ಬೇರೆ ದಾರಿ ನೋಡಬೇಕಿತ್ತು" ಅಂದರು. ಅಪ್ಪ ಅದನ್ನು ನಂಬಿಬಿಟ್ಟರು. ಸಾಯೋವರೆಗೂ ತಪ್ಪು ತನ್ನದೇ ಅಂದುಕೊಂಡಿದ್ದರು. ದುಡ್ಡು ಹೋಗಿದ್ದಕ್ಕಿಂತ ನನಗೆ ಅದು ನೋವು.

ಇಸ್ರೋ ಉದಾಹರಣೆ ಬೇರೆ ಲೆಕ್ಕ. ಅವರಿಗೆ ಎರಡನೇ ರಾಕೆಟ್‌ಗೆ ಸರ್ಕಾರ ದುಡ್ಡು ಕೊಟ್ಟಿತು. ಮೊಬೈಲ್ ಅಂಗಡಿ ಹುಡುಗನಿಗೆ ಎರಡನೇ ಅಂಗಡಿಗೆ ಯಾರು ಕೊಡುತ್ತಾರೆ? ಹೇಳಿ.

ಚಳ್ಳಕೆರೆ ಶೇಂಗಾ

ಅಣ್ಣಾ, ನಿಮ್ಮ ಅಪ್ಪಾಜಿ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ನಾನು ವಾದ ಮಾಡಲ್ಲ.

ಎರಡನೇ ರಾಕೆಟ್ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ. ನಮ್ಮ ಚಳ್ಳಕೆರೆ ರನ್‌ವೇ ಮೇಲೆ 'ಪುಷ್ಪಕ್' ಇಳಿಸಿದ್ದು ನೆನಪಾಯಿತು. ಮತ್ತೆ ಮತ್ತೆ ಬಳಸುವ ರಾಕೆಟ್‌ಗಾಗಿ ಮಾಡಿದ ರೆಕ್ಕೆ ಇರುವ ವಾಹನ ಅದು. ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. 2023ರ ಏಪ್ರಿಲ್ 2ರಂದು ರನ್‌ವೇಗೆ ನೇರವಾಗಿ ಬಿಟ್ಟರು. 2024ರ ಮಾರ್ಚ್ 22ರಂದು 150 ಮೀಟರ್ ಪಕ್ಕಕ್ಕೆ ಸರಿಸಿ ಬಿಟ್ಟರು. ಅದೇ ವರ್ಷ ಜೂನ್ 23ರಂದು 500 ಮೀಟರ್ ಪಕ್ಕಕ್ಕೆ. ಮೂರೂ ಸಲ ತಾನೇ ದಾರಿ ಸರಿಮಾಡಿಕೊಂಡು ಇಳಿಯಿತು. ಮೊದಲ ದಿನವೇ ಬಾಹ್ಯಾಕಾಶದಿಂದ ತರಲಿಲ್ಲ. ಕೆಟ್ಟರೂ ಮತ್ತೆ ಮಾಡೋಕೆ ಆಗುವಷ್ಟು ಚಿಕ್ಕದಾಗಿ ಶುರು ಮಾಡಿದರು. ಇದಕ್ಕೆ ಸರ್ಕಾರದ ದುಡ್ಡೇ ಬೇಕು ಅಂತ ಇಲ್ಲ.

ಹಿರಿಯೂರು ದಾಳಿಂಬೆ

ಅರ್ಧ ಜಾಗಕ್ಕೆ ಮಾತ್ರ ಗಿಡ ಹಾಕಿದ್ದು ಅದಕ್ಕೇ. ಮೊದಲ ಸಲ ಇದ್ದಬದ್ದ ಹೊಲಕ್ಕೆಲ್ಲ ಹಾಕಿದ್ದೆ, ಹೆಂಡತಿ ಒಡವೆ ಅಡ ಇಟ್ಟು. ರೋಗ ಬಂದಾಗ ಬುದ್ಧಿ ಓಡಲಿಲ್ಲ. ಈಗ ಬಂದರೂ ಊಟಕ್ಕೆ ತೊಂದರೆ ಇಲ್ಲ, ಹಾಗಾಗಿ ಗಿಡ ನೋಡಿ ಯೋಚನೆ ಮಾಡೋಕೆ ಆಗುತ್ತೆ.

ಮಿಲ್ ಗೇಟ್

ಈ ಮಾತು ಒಪ್ಪುತ್ತೇನೆ. ಕೈ ಖಾಲಿ ಇರುವವನಿಗೆ ಯೋಚನೆ ಮಾಡೋಕೆ ಪುರುಸೊತ್ತು ಇರಲ್ಲ, ಬಡ್ಡಿಯವನು ಬಾಗಿಲಲ್ಲಿ ಇರುತ್ತಾನೆ.

ಲೆಕ್ಕದ ಬುಕ್ಕು

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮೇಷ್ಟ್ರ ಹುಡುಗನಿಗೆ ಒಂದು ಮಾತು. ಅಂಗಡಿ ಸೋತ ಮೇಲೆ ಮೊದಲ ಕೆಲಸ ಪಾಠ ಕಲಿಯೋದಲ್ಲ, ಬಾಗಿಲನ್ನು ಸರಿಯಾಗಿ ಹಾಕೋದು. ಷಟರ್ ಎಳೆದು ಊರು ಬಿಟ್ಟವರನ್ನು ತುಂಬಾ ನೋಡಿದ್ದೇನೆ. ಅಂಗಡಿ ಮುಚ್ಚಿದ ನಷ್ಟಕ್ಕಿಂತ ಆಮೇಲೆ ಬಂದ ನೋಟಿಸುಗಳೇ ಅವರನ್ನು ಮುಳುಗಿಸುತ್ತವೆ.

ಜಿಎಸ್‌ಟಿ ನಂಬರ್ ಇದ್ದರೆ ವ್ಯಾಪಾರ ಸೊನ್ನೆ ಆದರೂ ರಿಟರ್ನ್ ಹಾಕುತ್ತಲೇ ಇರಬೇಕು. ಹಾಕದಿದ್ದರೆ ಸೊನ್ನೆ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ ತಡ ಶುಲ್ಕ, ಒಂದು ರಿಟರ್ನ್‌ಗೆ 500ರ ತನಕ. ತಿಂಗಳು ತಿಂಗಳು ಸೇರಿದರೆ ಎಷ್ಟಾಯಿತು ನೋಡಿ. ಹಾಗಾಗಿ ಪೋರ್ಟಲ್‌ನಲ್ಲಿ ರದ್ದು ಅರ್ಜಿ ಹಾಕಿ. ರದ್ದಾದ ಮೇಲೆ ಮೂರು ತಿಂಗಳ ಒಳಗೆ ಜಿಎಸ್‌ಟಿಆರ್-10 ಅನ್ನುವ ಕೊನೇ ರಿಟರ್ನ್ ಇದೆ. ಅದನ್ನು ಎಲ್ಲರೂ ಮರೆಯುತ್ತಾರೆ.

ಸಾಲ ತೀರಿಸೋಕೆ ಆಗದೆ ಬ್ಯಾಂಕಿನ ಜೊತೆ ಕಡಿಮೆ ಮೊತ್ತಕ್ಕೆ ಒಪ್ಪಂದ ಮಾಡಿಕೊಂಡರೆ ಸಿಬಿಲ್ ರಿಪೋರ್ಟಿನಲ್ಲಿ (ನಮ್ಮ ಸಾಲದ ಇತಿಹಾಸ) 'ಸೆಟಲ್ಡ್' ಅಂತ ಬರುತ್ತೆ. ಪೂರ್ತಿ ಕಟ್ಟಿದರೆ 'ಕ್ಲೋಸ್ಡ್'. ಎರಡಕ್ಕೂ ಅಜಗಜಾಂತರ. ಮುಂದೆ ಸಾಲ ಕೇಳಿದಾಗ ಮೊದಲನೆಯದು ಕಾಡುತ್ತೆ. ಕಷ್ಟ ಆದರೂ ಮ್ಯಾನೇಜರ್ ಹತ್ತಿರ ಕಂತು ಚಿಕ್ಕದು ಮಾಡಿಸಿಕೊಳ್ಳೋಕೆ ಆಗುತ್ತಾ ಅಂತ ಮೊದಲು ಕೇಳಿ. ಮನೆ ಪತ್ರ ಅಡ ಇಟ್ಟಿದ್ದರೆ, ಸಾಲ ತೀರಿದ 30 ದಿನದ ಒಳಗೆ ಬ್ಯಾಂಕು ಮೂಲ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ಮಾಡಿದೆ.

ಸಪ್ಲೈಯರ್‌ಗೆ ಕೊಟ್ಟ ಖಾಲಿ ಚೆಕ್‌ಗಳನ್ನು ವಾಪಸ್ ಪಡೆಯಿರಿ. ಎಷ್ಟು ಸ್ನೇಹ ಇದ್ದರೂ ಸರಿ. ಚೆಕ್ ಬೌನ್ಸ್ ಕೇಸಿಗೆ ಅಂಗಡಿ ಮುಚ್ಚಿದೆ ಅನ್ನುವ ಕಾರಣ ಸಾಲಲ್ಲ.

ವಿದ್ಯಾನಗರ ಪಿಯು

ಸರ್ ನಾನೂ ಬರೆಯಬಹುದಾ. ಸೆಕೆಂಡ್ ಪಿಯು ಫಿಸಿಕ್ಸ್ ಹೋಗಿತ್ತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದ್ರಲ್ವಾ, ಹಾಗಾಗಿ ಪರೀಕ್ಷೆ-2ರಲ್ಲಿ ಬರೆದೆ. ಎಲ್ಲರೂ "ಇನ್ನೂ ಜಾಸ್ತಿ ಓದು" ಅಂದರು. ನಾನು ಓದಿದ್ದೆ ಸರ್, ಅದೇ ಬೇಜಾರು. ಅಕ್ಕ ಒಬ್ಬಳು ಮಾತ್ರ ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿ ತರಿಸು ಅಂದಳು. ನೋಡಿದರೆ ಡಿರೈವೇಶನ್‌ಗೆ ಚಿತ್ರವೇ ಹಾಕಿಲ್ಲ. ಲೆಕ್ಕದಲ್ಲಿ ಸೂತ್ರ ಬರೆಯದೆ ನೇರ ಉತ್ತರ ಬರೆದಿದ್ದೆ, ಯೂನಿಟ್ ಹಾಕಿಲ್ಲ. ಓದಿದ್ದು ಸರಿಯಾಗಿತ್ತು, ಬರೆದಿದ್ದು ಸರಿ ಇರಲಿಲ್ಲ. ಎರಡನೇ ಸಲ ಹೊಸದಾಗಿ ಏನೂ ಓದಲಿಲ್ಲ. ಬರೀ ಬರೆದು ಬರೆದು ಅಭ್ಯಾಸ ಮಾಡಿದೆ. ಪಾಸು.

ಪಿ.ಬಿ. ರೋಡ್ ಮೇಷ್ಟ್ರು

ಮರೀ, ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ನಾವು ಮೇಷ್ಟ್ರುಗಳು ಹೇಳಬೇಕಾಗಿದ್ದನ್ನು ಅವಳು ಹೇಳಿದ್ದಾಳೆ.

ಜೋಗಿಮಟ್ಟಿ ಗಾಳಿ

ಮೇಷ್ಟ್ರೇ, ಮನೆ ಅಂತಲೂ ಬರೆದಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನನ್ನದು ಮುರಿದ ಮದುವೆ. ಚಿತ್ರದುರ್ಗದಲ್ಲಿ ಅಪ್ಪನ ಮನೆಯಲ್ಲಿ ಇದ್ದೇನೆ, ಕೆಲಸಕ್ಕೆ ಹೋಗುತ್ತೇನೆ.

ತೋಟ ಕೆಟ್ಟರೆ ಜನ ಬಂದು ಅಯ್ಯೋ ಅನ್ನುತ್ತಾರೆ. ಮದುವೆ ಕೆಟ್ಟರೆ ವಿಚಾರಣೆ ಮಾಡುತ್ತಾರೆ. "ಏನು ಕಲಿತೆ" ಅಂತ ನನ್ನನ್ನು ಕೇಳಿದವರೆಲ್ಲ ಕೇಳುತ್ತಿದ್ದದ್ದು ತಪ್ಪು ನಿನ್ನದಾ ಅವನದಾ ಅಂತ ಅಷ್ಟೇ. ನಮ್ಮ ದೊಡ್ಡಮ್ಮ ಒಬ್ಬರು ಅದನ್ನು ಕೇಳಲಿಲ್ಲ. ಬಂದರು, ರೊಟ್ಟಿ ಬಡಿದರು, "ನಾಳೆ ಬ್ಯಾಂಕಿಗೆ ಹೋಗಿ ನಿನ್ನ ಹೆಸರಲ್ಲಿ ಖಾತೆ ಮಾಡಿಸು" ಅಂದರು. ಮಿಲ್ ಗೇಟ್ ಅಣ್ಣ ಹೇಳಿದ್ದು ನನಗೆ ಚೆನ್ನಾಗಿ ಅರ್ಥ ಆಗುತ್ತೆ. ಎಲ್ಲಾ ಸೋಲಿಗೂ ಸೋತವರು ಜವಾಬು ಕೊಡಬೇಕು ಅಂತ ಇಲ್ಲ.

ಬದಲಾಯಿಸಿದ್ದು ಏನು ಅಂತ ಕೇಳಿದಿರಿ. ಹೊರಗೆ ಬಂದಾಗ ನನ್ನ ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕು ಎಲ್ಲಾ ಆ ಮನೆಯಲ್ಲೇ ಇತ್ತು. ಕೆಲಸಕ್ಕೆ ಅರ್ಜಿ ಹಾಕೋಕೆ ಕೈಯಲ್ಲಿ ಏನೂ ಇರಲಿಲ್ಲ. ಈಗ ನನ್ನ ಕಾಗದ ನನ್ನ ಹತ್ತಿರ. ತಂಗಿ ಮದುವೆಯಲ್ಲಿ ಅವಳ ಸೂಟ್‌ಕೇಸಿಗೆ ನಾನೇ ಒಂದು ಫೈಲ್ ಇಟ್ಟೆ, ಅವಳು ಅಪಶಕುನ ಅಂತ ಬೈದಳು. ಬೈಯಲಿ.

ಇನ್ನೊಂದು, ನಾನು ಬೇಜಾರನ್ನು ಮಾತಿನಲ್ಲಿ ಹೇಳದೆ ಸುಮ್ನೆ ಇದ್ದುಬಿಡುತ್ತಿದ್ದೆ. ಅಲ್ಲಿಯೂ ಹಾಗೇ, ಮೊದಲ ಆಫೀಸಿನಲ್ಲೂ ಹಾಗೇ. ಸಹಿಸಿಕೊಂಡು ಸಹಿಸಿಕೊಂಡು ಒಂದು ದಿನ ಎದ್ದು ಬರೋದು. ಈಗಿನ ಕೆಲಸದಲ್ಲಿ ಸಣ್ಣದಿರುವಾಗಲೇ ಹೇಳುತ್ತೇನೆ. ಜಗಳಗಂಟಿ ಅಂತ ಹೆಸರು ಬಂದಿದೆ, ಕೆಲಸ ಉಳಿದಿದೆ.

ಇಬ್ಬರೂ ಒಪ್ಪಿ ಹಾಕಿದ ವಿಚ್ಛೇದನದ ಅರ್ಜಿಗೆ ಆರು ತಿಂಗಳು ಕಾಯಬೇಕು ಅಂತ ಕಾನೂನಿನಲ್ಲಿದೆ. ಅದು ಕಡ್ಡಾಯ ಅಲ್ಲ, ಕೋರ್ಟು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಯಾರಿಗಾದರೂ ಬೇಕಾದರೆ ವಕೀಲರನ್ನು ಕೇಳಿ. ಮತ್ತೆ, ರಾತ್ರಿ ಹೊತ್ತು ತಲೆ ಕೆಟ್ಟು ಹೋದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಪರೀಕ್ಷೆ ಫೇಲಾದ ಹುಡುಗರಿಗೂ ಈ ನಂಬರ್ ಕೊಡಿ ಮೇಷ್ಟ್ರೇ.

ಮಿಲ್ ಗೇಟ್

ತಂಗೀ, ನಿಮ್ಮ ದೊಡ್ಡಮ್ಮನಂಥವರು ಒಬ್ಬರು ನಮ್ಮ ಮನೆಗೆ ಬಂದಿದ್ದರೆ ಅಪ್ಪ ಬೇರೆ ಥರ ಇರುತ್ತಿದ್ದರೇನೋ.

ಶುಭೋದಯ ದಾವಣಗೆರೆ

ಮೇಷ್ಟ್ರೇ, ಎಲ್ಲಾ ಓದಿದೆ. ಫೋಟೋ ಹಾಕಲ್ಲ. ನನ್ನದೂ ಒಂದಿದೆ. ಮಂಡಕ್ಕಿ ಭಟ್ಟಿಯಲ್ಲಿ ಭಾಮೈದನ ಜೊತೆ ಪಾಲು ಮಾಡಿ ಮುಳುಗಿದೆ. ಮಂಡಕ್ಕಿ ಚೆನ್ನಾಗೇ ಹೋಗುತ್ತಿತ್ತು. ಬರವಣಿಗೆಯಲ್ಲಿ ಏನೂ ಇರಲಿಲ್ಲ, ಯಾರ ಪಾಲು ಎಷ್ಟು, ಯಾರು ಎಷ್ಟು ಹೊತ್ತು ಕೂರಬೇಕು, ಒಂದೂ ಇಲ್ಲ. ಈಗ ಅಣ್ಣ ತಮ್ಮ ಆದರೂ ಛಾಪಾ ಕಾಗದ ಇಲ್ಲದೆ ಕೂರಲ್ಲ. ಹೆಂಡತಿ ಇನ್ನೂ ಅವರ ಮನೆ ವಿಷಯ ಎತ್ತಿದರೆ ಮಾತು ಬಿಡುತ್ತಾಳೆ. ಅದಕ್ಕೆ ಏನು ಮಾಡಬೇಕು ಗೊತ್ತಾಗಿಲ್ಲ.

ಜೋಗಿಮಟ್ಟಿ ಗಾಳಿ

ಅಣ್ಣಾ, ಭಾಮೈದನ ಲೆಕ್ಕ ಭಾಮೈದನ ಹತ್ತಿರ ಇಟ್ಟುಕೊಳ್ಳಿ. ಅತ್ತಿಗೆ ಮುಂದೆ ಅವರ ತವರಿನ ಸುದ್ದಿಯಲ್ಲಿ ಅದನ್ನು ತರಬೇಡಿ. ಅಷ್ಟರ ಮಟ್ಟಿಗೆ ನಿಮ್ಮ ಕೈಯಲ್ಲಿದೆ.

ಪಿ.ಬಿ. ರೋಡ್ ಮೇಷ್ಟ್ರು

ದಾಳಿಂಬೆ ಅಣ್ಣನ ಪ್ರಶ್ನೆಗಳು, ಪಿಯು ಹುಡುಗನ ಬರಹ, 14416, ಇವನ್ನು ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಹಾಕಲಾ? ಫೇಲಾದವರ ಪಟ್ಟಿಯ ಪಕ್ಕದಲ್ಲೇ. ಹೆಸರು ಇರಲ್ಲ. ಮೊಬೈಲ್ ಅಂಗಡಿ ಹುಡುಗನಿಗೆ ಈ ಚರ್ಚೆ ಕಳಿಸಿದ್ದೇನೆ. ಅವನು ಕೇಳುತ್ತಿದ್ದಾನೆ, ಜಿಎಸ್‌ಟಿ ರಿಟರ್ನ್ ಹಾಕದೆ ತಿಂಗಳುಗಳಾಗಿವೆ, ಈಗ ನೇರ ರದ್ದು ಅರ್ಜಿ ಹಾಕಬಹುದಾ ಅಂತ.

ಹಿರಿಯೂರು ದಾಳಿಂಬೆ

ಹಾಕಿ ಮೇಷ್ಟ್ರೇ. ಗೂಟಿ ಗಿಡ ನೆಂಟರ ತೋಟದ್ದು ಅಂತ ಮಾತ್ರ ಬರೆಯಬೇಡಿ, ಅವರ ಮಗಳು ನಿಮ್ಮ ಊರಲ್ಲೇ ಓದುತ್ತಿದ್ದಾಳೆ.

ಲೆಕ್ಕದ ಬುಕ್ಕು

ನೇರ ಆಗಲ್ಲ. ಬಾಕಿ ರಿಟರ್ನ್ ಎಲ್ಲಾ ಹಾಕಿ, ಶುಲ್ಕ ಕಟ್ಟಿ, ಆಮೇಲೆ ರದ್ದು ಅರ್ಜಿ. ಇಲಾಖೆಯೇ ರದ್ದು ಮಾಡಿ ನೋಟಿಸ್ ಕಳಿಸಿದೆಯಾ ಅಂತ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳಲಿ. ಖರೀದಿ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಹತ್ತಿರದ ಯಾವುದಾದರೂ ಆಡಿಟರ್ ಆಫೀಸಿಗೆ ಹೋಗಲಿ. ಸುಮ್ನೆ ಬಿಟ್ಟರೆ ದಿನ ದಿನ ಬೆಳೆಯುತ್ತೆ, ಈ ವಾರವೇ ಹೋಗಲಿ.